ಚಾಟ್‌ಗೆ ಎರಡು ಸ್ಟಾರ್, ಪಿಂಚಣಿ ಮೇಜಿಗೆ ಐದು

ಅಪ್ಪನ ಪಿಂಚಣಿ ಬರುವುದು ಮೈಸೂರಿನ ಒಂದು ಬ್ಯಾಂಕ್ ಶಾಖೆಗೆ. ಹೆಸರು ಬೇಡ. ಅಲ್ಲಿ ಈಗ ಎರಡು ಥರದ ಸೇವೆ ಇದೆ. ಒಂದು ಆಪ್‌ನಲ್ಲಿರುವ ಎಐ ಚಾಟ್, ಇನ್ನೊಂದು ಬಾಗಿಲ ಪಕ್ಕದ ಪಿಂಚಣಿ ಮೇಜು. ಈ ಜನವರಿಯಲ್ಲಿ ಎರಡನ್ನೂ ನೋಡಿದೆ.

ಅಪ್ಪನಿಗೆ 82. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಲೈಫ್ ಸರ್ಟಿಫಿಕೇಟ್, ಅಂದರೆ ಬದುಕಿದ್ದೇವೆ ಅನ್ನುವ ಪ್ರಮಾಣಪತ್ರ, ಕೊಡಬಹುದು. ಅಪ್ಪ ಮೊಬೈಲಿಗೆ ಮುಖ ತೋರಿಸಿ, ಕಣ್ಣು ಮಿಟುಕಿಸಿ ಆ ಕೆಲಸ ಮುಗಿಸಿದ್ದರು. ಪ್ರಮಾಣ್ ಐಡಿ, ಅಂದರೆ ಆ ಪ್ರಮಾಣಪತ್ರದ ನಂಬರ್, ಮೆಸೇಜಿನಲ್ಲಿ ಬಂದಿತ್ತು. ಆದರೂ ಡಿಸೆಂಬರ್ ಪಿಂಚಣಿ ಬರಲಿಲ್ಲ.

ಚಾಟ್‌ನಲ್ಲಿ ಕೇಳಿದರು. ಕನ್ನಡ ಚೆನ್ನಾಗೇ ಇದೆ, ಉತ್ತರವೂ ತಕ್ಷಣ ಬರುತ್ತದೆ, ಎರಡು ಸ್ಟಾರ್ ಅದಕ್ಕೇ. ಆದರೆ ನಾಲ್ಕು ಸಲ ಕೇಳಿದರೂ ಒಂದೇ ಮಾತು: ‘ನಿಮ್ಮ ಪ್ರಮಾಣಪತ್ರ ಸಿದ್ಧವಾಗಿದೆ. ಬೇರೆ ಸಹಾಯ ಬೇಕೇ?’ ಕೊನೆಗೆ ಅಪ್ಪ ‘ನಾನು ಬದುಕಿದ್ದೇನೆ’ ಅಂತ ಟೈಪ್ ಮಾಡಿದ್ದರು. ಅದನ್ನು ಓದಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಮಾರನೇ ದಿನವೇ ಬೆಂಗಳೂರಿನಿಂದ ಹೊರಟೆ.

ಪಿಂಚಣಿ ಮೇಜಿನಲ್ಲಿ ಇದ್ದದ್ದು ಒಬ್ಬ ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. ಅಪ್ಪನಿಗೆ ಎಡಗಿವಿ ಕೇಳಿಸುವುದಿಲ್ಲ. ನಾವು ಹೇಳಿಯೇ ಇರಲಿಲ್ಲ. ಅಪ್ಪ ತಲೆ ವಾಲಿಸಿದ್ದನ್ನು ನೋಡಿ ಆಕೆ ಕುರ್ಚಿ ಎಳೆದುಕೊಂಡು ಬಲಗಡೆ ಬಂದು ಕೂತರು. ಅರ್ಜಿ ಗಿರ್ಜಿ ಕೇಳಲಿಲ್ಲ. ‘ಏನಾಯ್ತು ಹೇಳಿ ಸರ್’ ಅಂದು ಸುಮ್ನಾದರು. ಅಪ್ಪ ವರ್ಕ್‌ಶಾಪಿನಿಂದ ಶುರುಮಾಡಿದರೂ ತಡೆಯಲಿಲ್ಲ. ಆಮೇಲೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಪುಸ್ತಕ ತೆಗೆಸಿ, ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿ, ಬಿಳಿ ಹಾಳೆಯಲ್ಲಿ ಪುಸ್ತಕದ ಪಿಪಿಒ ನಂಬರನ್ನೂ ಅಪ್ಪ ಮೊಬೈಲಿನಲ್ಲಿ ಹಾಕಿದ್ದ ನಂಬರನ್ನೂ ಒಂದರ ಕೆಳಗೊಂದು ದಪ್ಪಗೆ ಬರೆದರು. ಕೊನೆಯ ಅಂಕಿ ಬೇರೆ! ಪ್ರಮಾಣಪತ್ರ ತಯಾರಾಗಿತ್ತು, ಬ್ಯಾಂಕಿನಲ್ಲಿ ತಿರಸ್ಕಾರ ಆಗಿತ್ತು. ‘ಒಂದು ಅಂಕಿ ಅಷ್ಟೇ ಸರ್, ಯಾರಿಗಾದರೂ ಆಗತ್ತೆ. ದುಡ್ಡು ಎಲ್ಲೂ ಹೋಗಲ್ಲ’ ಅಂದರು. ಅಪ್ಪನ ಭುಜ ಇಳಿದದ್ದು ನನಗೆ ಕಾಣಿಸಿತು. ಹೊಸದಾಗಿ ಮುಖ ತೋರಿಸಿ ಕೆಲಸ ಮುಗಿಯಲು ಇಪ್ಪತ್ತು ನಿಮಿಷ. ತಿಂಗಳ ಕೊನೆಗೆ ಎರಡು ತಿಂಗಳದ್ದೂ ಒಟ್ಟಿಗೆ ಬಂತು.

ನಾನು ಹದಿನಾಲ್ಕು ವರ್ಷದಿಂದ ಕಸ್ಟಮರ್ ಕೇರ್‌ನಲ್ಲಿ ಕಾಲ್ ಕ್ವಾಲಿಟಿ ನೋಡುವವಳು. ತಾನೇ ಉತ್ತರಿಸುವ ಎಐ ಬಾಟ್ ಬಂದ ಮೇಲೆ ಸುಲಭದ ಕಾಲ್‌ಗಳೆಲ್ಲ ಅದಕ್ಕೆ ಹೋದವು. ನಮ್ಮವರಿಗೆ ಉಳಿದದ್ದು ಅಳುವವರು, ರೇಗುವವರು, ಏನು ಕೇಳಬೇಕು ಅಂತಲೇ ಗೊತ್ತಾಗದವರು. ಹಾಗಾಗಿ ಕೇಳಿಸಿಕೊಳ್ಳುವ ಗುಣ ಮೊದಲಿಗಿಂತ ಜಾಸ್ತಿ ಬೇಕಾಗಿದೆ. ಸ್ವೀಡನ್ನಿನ ಪಾವತಿ ಸೇವೆಯ ಕ್ಲಾರ್ನಾ ಕಂಪನಿ 2024ರ ಫೆಬ್ರವರಿಯಲ್ಲಿ, ತನ್ನ ಎಐ ಒಂದೇ ತಿಂಗಳಲ್ಲಿ 23 ಲಕ್ಷ ಚಾಟ್ ನಿಭಾಯಿಸಿ 700 ಜನರ ಕೆಲಸ ಮಾಡಿತು ಅಂದಿತ್ತು. 2025ರಲ್ಲಿ ಅದರ ಮುಖ್ಯಸ್ಥರೇ ಗುಣಮಟ್ಟ ಇಳಿದದ್ದನ್ನು ಒಪ್ಪಿಕೊಂಡು, ಮತ್ತೆ ಜನರನ್ನು ತೆಗೆದುಕೊಳ್ಳಲು ಶುರುಮಾಡಿದರು.

ಈ ಶಾಖೆಯ ಬಗ್ಗೆ ನನ್ನ ದೂರು ಒಂದೇ. ಮೊದಲು ಮೂವರು ಇದ್ದ ಮೇಜಿಗೆ ಈಗ ಒಬ್ಬರೇ. ಚಾಟ್ ಇದೆಯಲ್ಲ ಅಂತ ಉಳಿದಿಬ್ಬರನ್ನು ಬೇರೆ ಕಡೆ ಹಾಕಿದ್ದಾರಂತೆ. ದಯವಿಟ್ಟು ಇನ್ನೊಬ್ಬರನ್ನಾದರೂ ಕೂರಿಸಿ. ಅವರಿಗೆ ಕಂಪ್ಯೂಟರ್ ತರಬೇತಿ ಕೊಡುವಾಗ, ವಯಸ್ಸಾದವರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದನ್ನೂ ಈಕೆಯಿಂದಲೇ ಹೇಳಿಸಿ.

ಹೋಗುವವರು ಪಿಪಿಒ ಪುಸ್ತಕ, ಪಾಸ್‌ಬುಕ್, ಆಧಾರ್ ಲಿಂಕ್ ಇರುವ ಮೊಬೈಲ್ ತಗೊಂಡು ಹೋಗಿ. ಹನ್ನೊಂದರ ಹೊತ್ತಿಗೆ ಐದಾರು ಜನ ಇರುತ್ತಾರೆ. ಆದರೂ ಕಾಯಿರಿ.