ಸ್ಯಾಂಪ್ಸನ್ ಸ್ಟೇಟ್ ಪಾರ್ಕ್: ಮೊದಲು ಮ್ಯೂಸಿಯಂ, ಆಮೇಲೆ ಸರೋವರ

ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ಪೂರ್ವ ದಡದಲ್ಲಿರುವ ಸ್ಯಾಂಪ್ಸನ್ ಪಾರ್ಕ್‌ಗೆ ಹೋದವರು ಗೇಟು ದಾಟುತ್ತಲೇ ನೀರಿನ ಕಡೆ ಗಾಡಿ ತಿರುಗಿಸುವುದು ಸಹಜ. ಆದರೆ ಮೊದಲು ನೋಡಬೇಕಾದದ್ದು ಇಲ್ಲಿನ ಮಿಲಿಟರಿ ಮ್ಯೂಸಿಯಂ. ಅದು ಇರುವುದೇ ನೌಕಾಪಡೆಯ ಹಳೆಯ ಜೈಲಿನಲ್ಲಿ. ಬೇಸಿಗೆಯಲ್ಲೂ ವಾರದ ಎಲ್ಲ ದಿನ ಬಾಗಿಲು ತೆರೆದಿರುವುದಿಲ್ಲ, ಫೋನ್ ಮಾಡಿ ವಿಚಾರಿಸಿಕೊಂಡೇ ಹೊರಡಿ.

1942ರಲ್ಲಿ ಶುರುವಾದ ಇಲ್ಲಿನ ನೌಕಾಪಡೆ ತರಬೇತಿ ಕೇಂದ್ರದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ 4 ಲಕ್ಷಕ್ಕೂ ಹೆಚ್ಚು ನಾವಿಕರು ತಯಾರಾದರು. ಯುದ್ಧ ಮುಗಿದ ಮೇಲೆ ಕೆಲಕಾಲ ಕಾಲೇಜು ನಡೆಯಿತು. 1950ರಿಂದ 1956ರವರೆಗೆ ವಾಯುಪಡೆ ತರಬೇತಿ ಕೊಟ್ಟಿತು. ಈಗ ಅವರು ತಂಗುತ್ತಿದ್ದ ಬ್ಯಾರಕ್‌ಗಳಿಲ್ಲ, ಗಿಡಗಂಟಿಗಳ ನಡುವೆ ಹುಲ್ಲು ಮೂಡಿದ ಡಾಂಬರು ರಸ್ತೆಗಳು ಉಳಿದಿವೆ. ಮ್ಯೂಸಿಯಂನಲ್ಲಿ ಕೈದಿಗಳ ಕೋಣೆ, ಸಮವಸ್ತ್ರ, ಹಳೆಯ ಫೋಟೊಗಳನ್ನೆಲ್ಲ ನೋಡಿಕೊಂಡು ಬಂದು ಈ ರಸ್ತೆಗಳಲ್ಲಿ ಸೈಕಲ್ ತುಳಿದರೆ, ಇಲ್ಲೊಂದು ಊರೇ ಇತ್ತೆಂಬುದು ಮನಸ್ಸಿಗೆ ಇಳಿಯುತ್ತದೆ. ಮ್ಯೂಸಿಯಂ ನೋಡದೆ ಹೋದರೆ ಅವು ಬರೀ ಪಾಳು ರಸ್ತೆಗಳು. ಅಂದಹಾಗೆ, ನೌಕಾಪಡೆ ಈ ಸರೋವರವನ್ನು ಪೂರ್ತಿ ಬಿಟ್ಟು ಹೋಗಿಲ್ಲ: ಆಚೆ ದಡದ ಡ್ರೆಸ್ಡನ್ ಬಳಿ ಅದರ ಸೋನಾರ್ (ನೀರಿನೊಳಗಿನ ವಸ್ತುಗಳನ್ನು ಶಬ್ದದಿಂದ ಪತ್ತೆಹಚ್ಚುವ ಸಾಧನ) ಪರೀಕ್ಷಾ ಕೇಂದ್ರವಿದೆ.

ಸರೋವರದ ಗರಿಷ್ಠ ಆಳ ಸುಮಾರು 188 ಮೀಟರ್. ಇಷ್ಟು ನೀರು ಬಿಸಿಯಾಗಲು ಸಮಯ ಬೇಕು, ಜೂನ್‌ನಲ್ಲೂ ಮೈ ಕೊರೆಯುತ್ತದೆ. ಈಜುವುದಿದ್ದರೆ ಜುಲೈ ನಂತರ ಹೋಗಿ. ಕಲ್ಲುಗಳಿಗೆ ಅಂಟಿಕೊಂಡಿರುವ ಜೀಬ್ರಾ ಮಸ್ಸೆಲ್ ಎಂಬ ಸಣ್ಣ ಜಲಜೀವಿಯ ಚಿಪ್ಪುಗಳು ಬ್ಲೇಡಿನಷ್ಟು ಹರಿತ, ಬರಿಗಾಲಲ್ಲಿ ಇಳಿಯಬೇಡಿ. ಬೇಸಿಗೆಯ ಕೊನೆಗೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಂಡರೆ ಮಕ್ಕಳನ್ನೂ ನಾಯಿಯನ್ನೂ ನೀರಿನಿಂದ ದೂರವಿಡಿ, ಅದು ವಿಷಕಾರಿಯಾಗಿರಬಹುದು. ಸರೋವರ ಉತ್ತರ–ದಕ್ಷಿಣವಾಗಿ ಸುಮಾರು 60 ಕಿ.ಮೀ. ಚಾಚಿಕೊಂಡಿದೆ. ಆ ದಿಕ್ಕಿನಲ್ಲಿ ಗಾಳಿ ಎದ್ದರೆ ತಡೆಯೇ ಇಲ್ಲದೆ ಅಲೆ ಬೆಳೆಯುತ್ತದೆ. ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಇಳಿಸುವವರು ಗಾಳಿಯ ಮುನ್ಸೂಚನೆ ನೋಡಿಕೊಳ್ಳಲೇಬೇಕು. ದೋಣಿಗಳನ್ನು ಕಟ್ಟುವ ಕಟ್ಟೆಯ ಬಳಿ ಮಾತ್ರ ಅಲೆಗಳಿಂದ ಒಳ್ಳೆಯ ಆಸರೆ.

ಕ್ಯಾಂಪಿಂಗ್ ಜಾಗ 9 ತಿಂಗಳು ಮೊದಲೇ ಕಾಯ್ದಿರಿಸಬಹುದು. ಬೇಸಿಗೆಯ ವಾರಾಂತ್ಯ ಬೇಕಿದ್ದವರು ತಡಮಾಡಬಾರದು. ಗಾಡಿಗೆ ಎಂಪೈರ್ ಪಾಸ್ (ರಾಜ್ಯದ ಪಾರ್ಕ್‌ಗಳ ಪ್ರವೇಶ ಪಾಸ್) ಇದ್ದರೂ ಕ್ಯಾಂಪಿಂಗ್ ಶುಲ್ಕ ಬೇರೆಯೇ. ಜಾಗ ಕೈಗೆ ಸಿಗುವುದು ಮಧ್ಯಾಹ್ನ 3ಕ್ಕೆ, ಖಾಲಿ ಮಾಡಬೇಕಾದದ್ದು ಬೆಳಿಗ್ಗೆ 11ಕ್ಕೆ. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳಲ್ಲಿ ರಕ್ತ ಹೀರುವ ಉಣ್ಣೆ ಹುಳು ಕಚ್ಚಿದೆಯೇ ನೋಡಿಕೊಳ್ಳಿ. ಸೌದೆಯನ್ನು ಮನೆಯಿಂದ ಹೊತ್ತು ತರುವ ಬದಲು ಹತ್ತಿರದಲ್ಲೇ ಕೊಂಡು ರಸೀದಿ ಇಟ್ಟುಕೊಳ್ಳಿ: ಶಾಖದಿಂದ ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸಲು ಈ ರಾಜ್ಯದಲ್ಲಿ ಅನುಮತಿಯಿಲ್ಲ, ಮರ ಕೊಲ್ಲುವ ಹುಳುಗಳು ಅದರೊಳಗೇ ಪ್ರಯಾಣಿಸುತ್ತವೆ.