ರಿಫ್ರೆಶ್ ಒತ್ತಿದರೂ ಉಳಿಯುವ ಲಿಂಕ್ ಯಾವುದು?

ವಿಜಯಪುರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿಗೆ ಕೋಲ್ಡ್ ಸ್ಟೋರೇಜ್ ಲೆಕ್ಕಕ್ಕೆ ಒಂದು ಸಣ್ಣ ವೆಬ್ ಆಪ್ ಮಾಡಿಕೊಟ್ಟಿದ್ದೆ. ಯಾವ ರೈತರ ಮಾಲು, ಎಷ್ಟು ಬಾಕ್ಸ್, ಯಾವ ಲಾಟ್ ಯಾವತ್ತು ಹೊರಗೆ ಹೋಯಿತು, ಇಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ತಕರಾರೂ ಇರಲಿಲ್ಲ. ಹೋಸ್ಟಿಂಗಿಗೆ ಏರಿಸಿದ ಮರುದಿನ ಬೆಳಿಗ್ಗೆಯೇ ಫೋನ್ ಬಂತು.

"ಸರ್, ಮೊದಲನೇ ಪೇಜ್ ಬರ್ತದ್ರಿ. ವಾಟ್ಸಾಪ್‌ನ್ಯಾಗ ಕಳಿಸಿದ ಲಿಂಕ್ ಒತ್ತಿದ್ರ ಬರೀ ಬಿಳಿ ಹಾಳಿ!"

ತಪ್ಪು ನನ್ನದೇ. ಅವರ ಹಳೆಯ ಸೈಟ್ ಡೊಮೇನಿನ ಬುಡದಲ್ಲಿತ್ತು. ನನ್ನ ಆಪ್ ಅದರೊಳಗೆ /ಗೋದಾಮು/ ಎಂಬ ಫೋಲ್ಡರಿನಲ್ಲಿತ್ತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಬುಡದಲ್ಲೇ ಓಡಿಸಿ ನೋಡಿದ್ದೆ. ಆಮೇಲೆ ಒಂದು ವಾರ ಅದೇ ಆಪನ್ನು ಬೇರೆ ಬೇರೆ ರೀತಿಯಲ್ಲಿ ಕಟ್ಟಿ, ಲ್ಯಾಪ್‌ಟಾಪ್, ಆ ಫೋಲ್ಡರ್, ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್, ಈ ಮೂರೂ ಕಡೆ ಇಟ್ಟು ನೋಡಿದೆ.

(ಓದಲಿಕ್ಕೆ ಸುಲಭವಾಗಲಿ ಎಂದು ಇಲ್ಲಿ ವಿಳಾಸಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಜವಾದ ಆಪಿನಲ್ಲಿ ಹಾಗೆ ಮಾಡಿಲ್ಲ. ಕಾಪಿ ಮಾಡಿದರೆ ಸಾಕು, ಕೊಂಬು, ಸೊನ್ನೆ ಸೇರಿ ಒಂದೊಂದು ಗುರುತೂ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರವಾಗಿ ಹಿಗ್ಗುತ್ತದೆ.)

ಮೊದಲು ಮುರಿದದ್ದು ರಿಲೇಟಿವ್ ಲಿಂಕ್. ಇದು "ಇಲ್ಲಿಂದ ಎರಡು ಓಣಿ ಹಿಂದೆ ಹೋಗ್ರಿ" ಎಂದು ದಾರಿ ಹೇಳಿದ ಹಾಗೆ. ಕೇಳುವವರು ಎಲ್ಲಿ ನಿಂತಿದ್ದಾರೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. /ಗೋದಾಮು/ಲಾಟ್/42 ಪುಟದಲ್ಲಿ ../ರೈತರು ಎಂದು ಬರೆದರೆ ಬ್ರೌಸರ್ ಕೊನೆಯ 42 ಅನ್ನು ಫೈಲ್ ಎಂದುಕೊಂಡು ಬಿಡುತ್ತದೆ, ಒಂದು ಮೆಟ್ಟಿಲು ಹಿಂದೆ ಹೋಗಿ /ಗೋದಾಮು/ರೈತರು ತಲುಪುತ್ತದೆ. ಸರಿಯಾಗಿದೆ. ಆದರೆ ಯಾರೋ ಕೊನೆಗೆ ಒಂದು ಸ್ಲ್ಯಾಶ್ ಹಾಕಿ 42/ ಎಂದು ತೆರೆದರೋ, ಈಗ 42 ಒಂದು ಫೋಲ್ಡರ್. ಅದೇ ಲಿಂಕ್ /ಗೋದಾಮು/ಲಾಟ್/ರೈತರು ಎಂಬ ಇಲ್ಲದ ಊರಿಗೆ ಕರೆದೊಯ್ಯುತ್ತದೆ. ಒಂದು ಗೀಟಿಗೆ ಇಷ್ಟು ಬೆಲೆ!

ಬಿಳಿ ಹಾಳೆಗೂ ಇದೇ ಕಾರಣ. ಆಪನ್ನು ಹೋಸ್ಟಿಂಗಿಗೆ ಸಿದ್ಧ ಮಾಡುವ (ಬಿಲ್ಡ್) ವೀಟ್ ಎಂಬ ಸಲಕರಣೆಯಲ್ಲಿ ಬೇಸ್ ಅನ್ನು, ಅಂದರೆ ಫೈಲ್‌ಗಳನ್ನು ಎಲ್ಲಿಂದ ಹುಡುಕಬೇಕು ಎನ್ನುವುದನ್ನು, ./ ("ಈಗಿರುವ ಫೋಲ್ಡರ್") ಎಂದು ಕೊಟ್ಟಿದ್ದೆ. ಹಾಗಾಗಿ ಲಾಟ್ ಪುಟ ನೇರವಾಗಿ ತೆರೆದಾಗ ಬ್ರೌಸರ್ ಜಾವಾಸ್ಕ್ರಿಪ್ಟ್ ಫೈಲನ್ನು /ಗೋದಾಮು/ಲಾಟ್/ ಒಳಗೆ ಹುಡುಕಿತು. ಅಲ್ಲಿ ಫೈಲ್ ಇಲ್ಲ. ಸಿಗದ ವಿಳಾಸಕ್ಕೆಲ್ಲ ಇಂಡೆಕ್ಸ್ ಪುಟ ಕೊಡು ಎಂದು ಸರ್ವರಿಗೆ ನಾನೇ ಹೇಳಿಟ್ಟಿದ್ದೆ. ಪಾಪ, ಅದು ಸ್ಕ್ರಿಪ್ಟ್ ಕೇಳಿದವರಿಗೂ ಎಚ್‌ಟಿಎಂಎಲ್ ಕೊಟ್ಟಿತು, ಅದೂ 200, ಅಂದರೆ "ಎಲ್ಲ ಸರಿ" ಎಂಬ ಉತ್ತರದ ಜೊತೆ. ಆಪ್ ಒಳಗೇ ಕ್ಲಿಕ್ ಮಾಡಿ ಹೋದರೆ ಏನೂ ಆಗುವುದಿಲ್ಲ. ಸ್ಕ್ರಿಪ್ಟ್ ಆಗಲೇ ಲೋಡ್ ಆಗಿರುತ್ತದೆ, ರೂಟರ್ (ವಿಳಾಸ ನೋಡಿ ಯಾವ ಪುಟ ತೋರಿಸಬೇಕೆಂದು ಆರಿಸುವ ಆಪಿನ ಭಾಗ) ಬ್ರೌಸರಿನ ಮೇಲೆ ಕಾಣುವ ವಿಳಾಸವನ್ನು ಬದಲಿಸುತ್ತದೆ ಅಷ್ಟೇ. ನಾನು ಮೋಸ ಹೋಗಿದ್ದು ಇಲ್ಲೇ.

ರಿಯಾಕ್ಟ್ ರೂಟರ್ ಎಂಬ ಸಿದ್ಧ ರೂಟರ್ ಬಳಸುವವರಿಗೆ ಇನ್ನೊಂದು ಗೊಂದಲವಿದೆ. 6ನೇ ಆವೃತ್ತಿಯಿಂದ ಅದರ ಲಿಂಕಿನಲ್ಲಿ ಬರುವ ಎರಡು ಚುಕ್ಕೆ ಸುಮ್ನೆ ವಿಳಾಸದ ಒಂದು ತುಂಡನ್ನು ಬಿಡುವುದಿಲ್ಲ, ಆಪಿನಲ್ಲಿ ನಾವು ಒಂದರೊಳಗೊಂದು ಬರೆದ ರೂಟ್‌ಗಳ (ಪುಟಗಳ ದಾರಿಗಳ) ಮೇಲಿನ ಹಂತಕ್ಕೆ ಹೋಗುತ್ತದೆ. ಬ್ರೌಸರಿನ ಎರಡು ಚುಕ್ಕೆ ಬೇರೆ, ಇದು ಬೇರೆ.

ಎರಡನೆಯದು ಸ್ಲ್ಯಾಶಿನಿಂದ ಶುರುವಾಗುವ ಲಿಂಕ್. "ಗಾಂಧಿ ಚೌಕದಿಂದ ಬರ್ರಿ" ಎಂದ ಹಾಗೆ, ಎಲ್ಲಿ ನಿಂತಿದ್ದರೂ ಒಂದೇ. ನನಗೆ ಇದು ಇಷ್ಟ. ಆದರೆ ಫೋಲ್ಡರಿನಲ್ಲಿ ಇದ್ದವನಿಗೆ ಇದು ನಡೆಯುವುದಿಲ್ಲ. /ರೈತರು ಎಂದರೆ ಡೊಮೇನಿನ ಬುಡ, ಅಂದರೆ ಹಳೆಯ ಸೈಟಿನ 404, "ಸಿಗಲಿಲ್ಲ" ಎಂಬ ಪುಟ. ಪ್ರತಿ ಲಿಂಕಿಗೂ /ಗೋದಾಮು ಸೇರಿಸಬಹುದು, ನಾಳೆ ಫೋಲ್ಡರ್ ಹೆಸರು ಬದಲಾದರೆ ಮತ್ತೆ ಎಲ್ಲ ಹುಡುಕಬೇಕು.

ಅದಕ್ಕೇ ಬೇಸ್ ಟ್ಯಾಗ್ ಹಾಕಿದೆ. ಎಚ್‌ಟಿಎಂಎಲ್ ಪುಟದ ಹೆಡ್ ಒಳಗೆ, ಬೇರೆ ಲಿಂಕ್‌ಗಳಿಗಿಂತ ಮೊದಲು, ಲಿಂಕ್‌ಗಳ ಲೆಕ್ಕ ಎಲ್ಲಿಂದ ಎಂದು ಹೇಳುವ ಒಂದೇ ಸಾಲು. ಆಮೇಲೆ ರಿಲೇಟಿವ್ ಲಿಂಕ್‌ಗಳೆಲ್ಲ ಅಲ್ಲಿಂದಲೇ ಲೆಕ್ಕ. ಆಂಗ್ಯುಲರ್ ಎಂಬ ಚೌಕಟ್ಟಿನಲ್ಲಿ ಆಪ್ ಮಾಡುವವರಿಗೆ ಇದು ಹೊಸದಲ್ಲ. ಬಿಳಿ ಹಾಳೆ ಹೋಯಿತು. ಆದರೆ ಕೊನೆಯ ಸ್ಲ್ಯಾಶ್ ಮರೆತು /ಗೋದಾಮು ಎಂದು ಬರೆದಿದ್ದೆ, ಮತ್ತೆ ಬುಡಕ್ಕೇ ಹೋಯಿತು. ಅದನ್ನು ಸರಿ ಮಾಡಿದರೆ ಇನ್ನೊಂದು ಎದ್ದಿತು. ಲಾಟ್ ಪುಟದ ಕೆಳಗಿನ ಮೊತ್ತಕ್ಕೆ ಜಿಗಿಯಲು #ಮೊತ್ತ ಎಂಬ ಲಿಂಕ್ ಇತ್ತು. ಅದೂ ಬೇಸ್‌ನಿಂದಲೇ ಲೆಕ್ಕ ಹಾಕಿ, ಪುಟ ಬಿಟ್ಟು ಮೊದಲ ಪುಟಕ್ಕೆ ಹಾರಿತು.

ಇನ್ನು ರೂಟಿಂಗ್. ಅಂದರೆ ಆ ರೂಟರ್ ವಿಳಾಸ ಬರೆಯುವ ರೀತಿ. ಇಲ್ಲಿಯವರೆಗೆ ಬಳಸಿದ್ದು ಹಿಸ್ಟರಿ ರೂಟಿಂಗ್, # ಇಲ್ಲದ /ಗೋದಾಮು/ಲಾಟ್/42 ರೀತಿಯ ವಿಳಾಸ. ನೋಡಲು ಚೆಂದ, ಆದರೆ ಸರ್ವರಿನ ಒಪ್ಪಿಗೆ ಬೇಕು. ಸಿಗದ ವಿಳಾಸಕ್ಕೆ ಇಂಡೆಕ್ಸ್ ಪುಟ ಕೊಡಿಸಲು ಅಪಾಚಿ ಸರ್ವರಿನಲ್ಲಿ ಫಾಲ್‌ಬ್ಯಾಕ್‌ರಿಸೋರ್ಸ್ ಎಂಬ ಒಂದು ಸಾಲು ಸಾಕು, ಎಂಜಿನ್ಎಕ್ಸ್ ಸರ್ವರಿನಲ್ಲಿ ಟ್ರೈ ಫೈಲ್ಸ್. ಗಿಟ್‌ಹಬ್ ಪೇಜಸ್‌ನಲ್ಲಿ ಇಂತಹ ನಿಯಮ ಹಾಕಲು ಬರುವುದಿಲ್ಲ. ಇಂಡೆಕ್ಸ್ ಪುಟವನ್ನೇ 404 ಹೆಸರಿನಲ್ಲಿ ಇನ್ನೊಂದು ಪ್ರತಿ ಇಟ್ಟೆ. ಜನರಿಗೆ ಪುಟ ಕಾಣುತ್ತದೆ, ಆದರೆ ಸರ್ವರ್ ಹೇಳುವುದು ಮಾತ್ರ "ಸಿಗಲಿಲ್ಲ" ಎಂದೇ. ಸರ್ಚ್ ಎಂಜಿನ್ ನಂಬುವುದು ಅದನ್ನೇ ಅಲ್ವಾ?

ಹ್ಯಾಶ್ ರೂಟಿಂಗ್‌ನಲ್ಲಿ # ಆದ ಮೇಲಿನ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲ. /ಗೋದಾಮು/#/ಲಾಟ್/42 ಎಂದರೆ ಸರ್ವರ್ ನೋಡುವುದು /ಗೋದಾಮು/ ಮಾತ್ರ. ರಿಫ್ರೆಶ್ ಎಷ್ಟು ಸಲ ಒತ್ತಿದರೂ ಅದೇ. ಹಾಗಾಗಿ ಮೊದಲ ದಿನ ಸೋತ ./ ಇಲ್ಲಿ ಮೂರೂ ಕಡೆ ಗೆದ್ದಿತು. ಬ್ರೌಸರ್ ನಿಂತ ಜಾಗ ಬದಲಾಗುವುದೇ ಇಲ್ಲವಲ್ಲ. ಲಿಂಕ್ ಬೇರೆ, ರೂಟಿಂಗ್ ಬೇರೆ ಎಂದು ಆರಿಸಿದ್ದೇ ನನ್ನ ಮೊದಲ ತಪ್ಪು ಎಂದು ಆಗ ಗೊತ್ತಾಯಿತು. ಕೊರತೆ ಇಲ್ಲದೇ ಇಲ್ಲ. ಯಾರು ಯಾವ ಲಾಟ್ ತೆರೆದರು ಎನ್ನುವುದು ಸರ್ವರ್ ಲಾಗಿನಲ್ಲಿ ಕಾಣುವುದಿಲ್ಲ. ಪುಟದೊಳಗಿನ #ಮೊತ್ತ ಇಲ್ಲೂ ಕೈ ಕೊಡುತ್ತದೆ, ಅದಕ್ಕೆ ಬಟನ್ ಮಾಡಿ ಸ್ಕ್ರೋಲ್ ಮಾಡಿಸಿದೆ.

ದ್ರಾಕ್ಷಿ ಲೆಕ್ಕಕ್ಕೆ ಹ್ಯಾಶ್ ಇಟ್ಟೆ. ಲಾಗಿನ್ ಆಗಿ ನೋಡುವ ಲೆಕ್ಕ, ಸರ್ಚ್‌ನಲ್ಲಿ ಬರಬೇಕಿಲ್ಲ. ಜೊತೆಗೆ ಅವರ ಹೋಸ್ಟಿಂಗ್ ನೋಡುವವರು ಬೇರೆ. ಸರ್ವರ್ ನಿಯಮದ ಫೈಲ್ ಹೆಸರು ಚುಕ್ಕೆಯಿಂದ ಶುರು, ಫೈಲ್ ಮ್ಯಾನೇಜರಿನಲ್ಲಿ ಸಾಮಾನ್ಯವಾಗಿ ಅಡಗಿರುತ್ತದೆ. ಸೈಟ್ ಎತ್ತಿ ಬೇರೆ ಕಡೆ ಇಡುವಾಗ ಅದೊಂದೇ ಉಳಿದುಹೋಗುವುದು ಜಾಸ್ತಿ. ಇಳಕಲ್ ಸೀರೆ ಅಂಗಡಿಯೊಂದರ ಕ್ಯಾಟಲಾಗಿಗೆ ಮಾತ್ರ ಹಿಸ್ಟರಿ, ಸ್ಲ್ಯಾಶ್ ಲಿಂಕ್, ಮತ್ತು ಬುಡ ತನ್ನದೇ ಇರಲಿ ಎಂದು ಹಟ ಹಿಡಿದು ಸ್ವಂತ ಸಬ್‌ಡೊಮೇನ್. ಒಂದೊಂದು ಸೀರೆಯ ಪುಟವೂ ಹುಡುಕಿದರೆ ಸಿಗಬೇಕು.

ವಾಟ್ಸಾಪಿನಲ್ಲಿ ಹಂಚಿಹೋದ ಹಳೆಯ ಲಿಂಕ್‌ಗಳು ಉಳಿದಿದ್ದವು. ಇಂಡೆಕ್ಸ್ ಪುಟದ ಮೇಲ್ಭಾಗದಲ್ಲಿ, ಬೇರೆ ಯಾವುದೂ ಲೋಡ್ ಆಗುವ ಮೊದಲೇ, ವಿಳಾಸದಲ್ಲಿ /ಲಾಟ್/ ಇದ್ದರೆ ನಡುವೆ # ಸೇರಿಸಿ ಕಳಿಸುವ ನಾಲ್ಕು ಸಾಲು ಬರೆದಿದ್ದೇನೆ. ಆ ಚುಕ್ಕೆ ಫೈಲ್ ಇರುವಷ್ಟು ದಿನ ಅವೂ ತೆರೆಯುತ್ತವೆ.