ಶಾಲೆ ಬಿಟ್ಟ ಮೇಲಿನ ತೋಟದ ತರಗತಿ: ನಾಲ್ಕು ತಿಂಗಳ ಅನುಭವ

ಸುಮ್ನೆ ಮಣ್ಣಲ್ಲಿ ಆಡಿಸಿ ಕಳಿಸುತ್ತಾರೆ ಅಂದುಕೊಂಡೇ ಮಗಳನ್ನು ಸೇರಿಸಿದ್ದೆ. ವಾರಕ್ಕೆ 2 ದಿನ, ಶಾಲೆ ಮುಗಿದ ಮೇಲೆ ಒಂದು ಗಂಟೆ.

ಮೊದಲ ವಾರ ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ತುಂಬಿ, ಅಂಚಿಗೆ ಬೀನ್ಸ್ ಬೀಜ ಇಟ್ಟರು. ಬೇರು ಬಂದ ಮೇಲೆ ಲೋಟವನ್ನು ಅಡ್ಡ ಮಲಗಿಸಿದರು. ಬೇರು ಬಾಗಿ ಮತ್ತೆ ಕೆಳಕ್ಕೇ ತಿರುಗಿತು! 'ಕೆಳಗೆ ಯಾವ ಕಡೆ ಅಂತ ಅದಕ್ಕೆ ಹೇಗೆ ಗೊತ್ತು?' ಅಂತ ಮಗಳು ಕೇಳಿದಳು. ನಾನು ತಬ್ಬಿಬ್ಬಾದೆ. ಬೇರಿನ ತುದಿಯ ಕೋಶಗಳಲ್ಲಿ ಭಾರವಾದ ಪಿಷ್ಟದ ಕಣಗಳು ತಳಕ್ಕೆ ಕೂರುತ್ತವೆ, ಅದರಿಂದ ದಿಕ್ಕು ತಿಳಿಯುತ್ತದೆ ಅಂತ ಮುಂದಿನ ತರಗತಿಯಲ್ಲಿ ಅವಳೇ ಕಲಿತು ಬಂದಳು.

ನಿಂಬೆ ಗಿಡದ ಹುಳು ತೆಗೆಯಲು ಬಿಡಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ಆಮೇಲೆ ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗುವ ತನಕ ಮಕ್ಕಳು ಚಿತ್ರ ಬರೆದರು. ಎಲೆ ಹೋದರೆ ಹೋಗಲಿ, ಅಲ್ವಾ?

ತೊಂದರೆಗಳೂ ಇವೆ. 20 ಮಕ್ಕಳಿಗೆ 3 ಕುರುಪಿ (ಮಣ್ಣು ಕೆದಕುವ ಸಣ್ಣ ಕೈ ಸಲಕರಣೆ). ಸರದಿಗೆ ಕಾಯುವುದೇ ಜಾಸ್ತಿ. ಪರಿಸರ ಸಂರಕ್ಷಣೆಯ ಪಾಠ ಬರೀ ಚಾರ್ಟ್ ತೋರಿಸಿ ಮುಗಿಸಿದರು, ಮಕ್ಕಳು ಆಕಳಿಸಿದರು. ರಜೆಯಲ್ಲಿ ನೀರು ಹಾಕುವವರಿಲ್ಲದೆ ಟೊಮೆಟೊ ಸಸಿಗಳೆಲ್ಲ ಒಣಗಿದವು. ಮಗಳು ಅತ್ತಳು.

ಆದರೂ ಮುಂದಿನ ಅವಧಿಗೂ ಹೆಸರು ಕೊಟ್ಟಿದ್ದೇವೆ. ಕುರುಪಿ ಮಾತ್ರ ಮನೆಯಿಂದಲೇ ಕಳಿಸುತ್ತೇನೆ.